ಬಾಯಲ್ಲಿದ್ದ ನಟ್ಟು

ಸರದಿಯಲ್ಲಿ ಅವಳ ಮುಂದೆ ಹನ್ನೊಂದು ಜನರಿದ್ದರು. ಇನ್ನೂ ಹನ್ನೊಂದು ಜನರಿದ್ದಾರಲ್ಲ ಎಂದು ಒಂದು ಗಳಿಗೆ ಸಮಾಧಾನವಾಗುತ್ತಿತ್ತು, ಮರುಗಳಿಗೆಗೆ ಇವರೆಲ್ಲ ಯಾಕಿಷ್ಟು ನಿಧಾನ ಎಂದು ಕಾಲು ಚಡಪಡಿಸುತ್ತಿತ್ತು. ಮೇಜು ಕುರ್ಚಿ ಮಾರುವ ಅಂಗಡಿಯ ಪಕ್ಕದಿಂದ, ಬ್ಯಾಂಡುಗಳು ಹಾಡುವ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲು ಅದು. ಒಬ್ಬರ ಹಿಂದೆ ಒಬ್ಬರು ಮಾತ್ರ ಇಳಿಯಬಹುದು. ಹಳೆಯ ಪೋಸ್ಟರಿನ ಮೇಲೆ ಹೊಸದನ್ನು ಅಂಟಿಸಿ ಅಂಟಿಸಿ ಗೋಡೆ ರಟ್ಟಿನ ಹಾಗೆ ಉಬ್ಬಿತ್ತು. ಕೆಳಗಿನಿಂದ ಯಾರೋ ಮೈಕಿನಲ್ಲಿ ಒಂದು ಎರಡು, ಒಂದು ಎರಡು ಎನ್ನುತ್ತಿದ್ದರು. ಮೂರು ಮಾತ್ರ ಬರುತ್ತಲೇ ಇರಲಿಲ್ಲ. ಅವಳ ಮುಷ್ಟಿಯೊಳಗೆ ಒಂದು ನಟ್ಟಿತ್ತು. ಕಡಲೆಕಾಳಿನಷ್ಟು ದೊಡ್ಡದು, ಆರು ಮೂಲೆಯದು. ಸಂಜೆ ಐದೂವರೆಗೆ ಏಪ್ರನ್ನನ್ನು ಒಗೆಯಲು ಹಾಕುವ ಮುಂಚೆ ಜೇಬು ಕೊಡವಿದಾಗ ಬಚ್ಚಲಿನ ನೆಲಕ್ಕೆ ಬಿದ್ದು ಟಿಣ್ ಎಂದಿತ್ತು. ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ಅದು ಯಾವುದರದ್ದು ಎಂದು ಹೊಳೆದುಬಿಟ್ಟಿತ್ತು. ಹೊಳೆದದ್ದು ಸುಳ್ಳಿರಲಿ ಎಂದುಕೊಳ್ಳುತ್ತ ಎರಡು ಬಸ್ಸು ಬದಲಿಸಿ ಇಲ್ಲಿಗೆ ಬಂದಿದ್ದಳು.

ಅದು ಗಿಡ್ಡಿಯ ಆಂಪಿನ, ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆಯ, ನಟ್ಟು. ಆ ಹಾಡುಗಾರ್ತಿಯನ್ನು ಎಲ್ಲರೂ ಕರೆಯುವುದು ಗಿಡ್ಡಿ ಎಂದೇ. ಇವತ್ತಿನ ಪೋಸ್ಟರಿನಲ್ಲೂ ಹಾಗೇ ಇತ್ತು, ಕೊನೆಯ ಸಾಲಿನಲ್ಲಿ: 'ಗಿಡ್ಡಿ ಮತ್ತು ಇಬ್ಬರು'. ಇಬ್ಬರಲ್ಲಿ ಒಬ್ಬ ಅವಳ ಗಂಡ, ಡ್ರಮ್ಮು ಬಾರಿಸುವವನು, ಬೆನ್ನು ತುಂಬ ಕೂದಲು ಬಿಟ್ಟವನು. ಇನ್ನೊಬ್ಬ ಬೇಸ್ ಗಿಟಾರು ನುಡಿಸುವ ಮೌನಿ. ಹತ್ತು ದಿನದ ಹಿಂದೆ ಗಂಡ ಹೆಂಡತಿ ಇಬ್ಬರೂ ಆಂಪನ್ನು ಒಂದೊಂದು ಕಡೆ ಹಿಡಿದುಕೊಂಡು ಮಾವನ ರಿಪೇರಿ ಅಂಗಡಿಗೆ ಬಂದಿದ್ದರು. "ಹಾಡೋವಾಗ ತುಟಿ ಮೈಕಿಗೆ ತಾಗಿದ್ರೆ ಚುರ್ ಅನ್ನುತ್ತೆ ಯಜಮಾನ್ರೇ, ಇರುವೆ ಕಚ್ಚಿದ ಹಾಗೆ," ಎಂದಳು ಗಿಡ್ಡಿ. "ನನಗೆ ದಿನಾ ಹಾಗೇ ಅನ್ನುತ್ತೆ, ಮೈಕೂ ಬೇಡ ಆಂಪೂ ಬೇಡ," ಎಂದ ಗಂಡ. ಮಾವ ಮೀಸೆಯೊಳಗೆ ನಕ್ಕು, "ಬಿಟ್ಟು ಹೋಗಿ, ನಾನೇ ಕೂತು ನೋಡ್ತೀನಿ," ಎಂದಿದ್ದರು. ಅವಳು ಒಳಕೋಣೆಯಲ್ಲಿ ಬೆಸುಗೆ ಹಾಕುವ ಸೋಲ್ಡರಿಂಗ್ ಕಡ್ಡಿಯ ತುದಿ ಒರೆಸುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ನಾನೇ ನೋಡ್ತೀನಿ ಎಂದರೆ ಅವಳೇ ನೋಡುವುದು. ಮಾವನ ಕಣ್ಣಿಗೆ ಮಬ್ಬು ಕವಿದು ವರ್ಷವಾಗಿತ್ತು. ಹೊರಗಿನ ಮೇಜಿಗೆ ಕೂತು, ಬಂದವರನ್ನು ದನಿಯಿಂದ ಗುರುತು ಹಿಡಿದು, ಒಳಗಿನ ಕೆಲಸವನ್ನೆಲ್ಲ ತಂಗಿಯ ಮಗಳಾದ ಅವಳಿಂದ ಮಾಡಿಸುತ್ತಿದ್ದರು. "ಹೊರಗೆ ಗೊತ್ತಾಗೋದು ಬೇಡ ಪುಟ್ಟಿ. ಗಿರಾಕಿ ಬರೋದು ನನ್ನ ಮೀಸೆ ನೋಡಿ," ಎಂದಿದ್ದರು ನಗುತ್ತ. ಆಮೇಲೆ ನಗು ನಿಲ್ಲಿಸಿ, "ನಿಜವಾಗ್ಲೂ ಬೇಡ," ಎಂದಿದ್ದರು.

ಆಂಪು ಬಿಚ್ಚಿದ ಕೂಡಲೇ ಕಾಯಿಲೆ ಕಂಡಿತ್ತು. ಹಳೇ ಕಾಲದ ಎರಡು ಕಡ್ಡಿಯ ಪ್ಲಗ್ಗು, ಅರ್ತ್ ವೈರೇ ಇಲ್ಲ. ಮೂರು ಕಡ್ಡಿಯ ಹೊಸ ವೈರು ಎಳೆಯಬೇಕು, ಅದರಲ್ಲಿರುವ ಹಸಿರು ವೈರಿನ ತುದಿಯ ಬಳೆಯನ್ನು ಒಳಗಿನ ತಗಡಿನ ಬೋಲ್ಟಿಗೆ ತೊಡಿಸಿ ನಟ್ಟು ಬಿಗಿಯಬೇಕು. ಕೆಲಸ ಕಲಿಸಿದ ಮೊದಲ ವಾರದಲ್ಲೇ ಮಾವ ಹೇಳಿದ್ದರು, ಉಳಿದ ವೈರೆಲ್ಲ ಆಂಪಿಗೆ, ಈ ಹಸಿರು ವೈರು ಮನುಷ್ಯರಿಗೆ ಎಂದು. ಅದಿಲ್ಲದಿದ್ದರೂ ಆಂಪು ಹಾಡುತ್ತದೆ. ಒಳಗಿನ ಹಳೆಯ ಟ್ರಾನ್ಸ್‌ಫಾರ್ಮರು ಕೈಕೊಟ್ಟು ಕರೆಂಟು ತಗಡಿಗೆ ಇಳಿದ ದಿನ ಅದು ಗಿಟಾರಿನ ತಂತಿಗೆ ಬರುತ್ತದೆ, ತಂತಿಯಿಂದ ಬೆರಳಿಗೆ, ಬೆರಳಿನಿಂದ ಎದೆ ಹಾದು ಮೈಕು ಮುಟ್ಟಿದ ತುಟಿಗೆ. ಆ ದಿನ ಅದು ಇರುವೆಯಾಗಿ ಉಳಿಯುವುದಿಲ್ಲ. ಗಿಡ್ಡಿ ಮೈಕನ್ನು ತಿನ್ನುವ ಹಾಗೆ ಹಾಡುವವಳು ಎಂದು ಅವಳ ಗಂಡನೇ ಹೇಳಿದ್ದ.

ಮಾವನಿಗೊಂದು ಅಭ್ಯಾಸವಿತ್ತು. ಎರಡೂ ಕೈಗೆ ಕೆಲಸವಿರುವಾಗ ನಟ್ಟನ್ನು ತುಟಿಗಳ ನಡುವೆ ಕಚ್ಚಿಕೊಳ್ಳುವುದು. ಅದನ್ನು ಅವಳೂ ಕಲಿತಿದ್ದಳು, ಮಾವನಿಗಿಂತ ಹೆಚ್ಚು ಇಷ್ಟಪಟ್ಟು. ಬಾಯಲ್ಲಿ ನಟ್ಟಿದ್ದರೆ ಯಾರೂ ಮಾತಾಡಿಸುವುದಿಲ್ಲ, ಮಾತಾಡಿಸಿದರೂ ಉತ್ತರ ಬಯಸುವುದಿಲ್ಲ. ಕಬ್ಬಿಣದ ಆ ತಣ್ಣನೆಯ ಹುಳಿ ರುಚಿ ಅವಳ ಪಾಲಿಗೆ ಬಾಗಿಲು ಹಾಕಿಕೊಂಡ ಕೋಣೆಯಂತಿತ್ತು. ಮೊನ್ನೆ ಬುಧವಾರ ಬಳೆಯನ್ನು ಬೋಲ್ಟಿಗೆ ತೊಡಿಸಿದ್ದು ನೆನಪಿದೆ. ನಟ್ಟು ಬಾಯಲ್ಲಿದ್ದದ್ದು ನೆನಪಿದೆ. ಅಷ್ಟರಲ್ಲಿ ಗಡಿಯಾರ ಮೂರು ಹೊಡೆದು, ಮಾವನ ಕಣ್ಣಿಗೆ ಔಷಧಿ ಬಿಡುವ ಹೊತ್ತಾಗಿ, ಎದ್ದು ಹೋಗಿದ್ದಳು. ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕೂತ ಮಾವ, "ಎಷ್ಟು ಹನಿ ಉಳಿದಿದೆ, ಬಾಟ್ಲಿ ಮುಗೀತಾ?" ಎಂದು ಕೇಳಿದರು. ಉತ್ತರ ಕೊಡಲು ನಟ್ಟನ್ನು ಬಾಯಿಂದ ತೆಗೆದು ಏಪ್ರನ್ನಿನ ಜೇಬಿಗೆ ಹಾಕಿಕೊಂಡಿರಬೇಕು. "ಇನ್ನೂ ಅರ್ಧ ಇದೆ ಮಾವ." ವಾಪಸು ಬಂದಾಗ ಬಾಯಲ್ಲಿ ನಟ್ಟಿರಲಿಲ್ಲ, ಬಳೆ ಬೋಲ್ಟಿನಲ್ಲಿತ್ತು. ಬಾಯಿ ಖಾಲಿ ಎಂದರೆ ಕೆಲಸ ಮುಗಿಯಿತು ಎಂದು ಕೈಗೆ ಅಭ್ಯಾಸ. ನಟ್ಟು ಬಿಗಿಯದೆಯೇ ಮುಚ್ಚಳ ಹಾಕಿದ್ದಳೇ? ಹಾಕುವ ಮುಂಚೆ ವೈರು ಕೂಡಿದೆಯೇ ಎಂದು ಮೀಟರ್ ಹಿಡಿದು ನೋಡಿದ್ದಳಲ್ಲ, ಅದು ಪೀ ಎಂದಿತ್ತಲ್ಲ. ಎಂದಿತ್ತು. ಬಳೆ ಸುಮ್ಮನೆ ತಾಗಿಕೊಂಡಿದ್ದರೂ ಪೀ ಎನ್ನುತ್ತದೆ. ಅಥವಾ ಈ ನಟ್ಟು ಬೇರೆ ಯಾವುದರದ್ದೋ ಇರಬಹುದು. ಬಸ್ಸಿನಲ್ಲಿ ಹದಿನೆಂಟು ಸಲ ಹೀಗೆ ಹಿಂದಕ್ಕೂ ಮುಂದಕ್ಕೂ ಹೋಗಿ ಬಂದಿದ್ದಳು. ಗಿಡ್ಡಿಯ ನಂಬರಿಗೆ ಐದು ಸಲ ಫೋನು ಮಾಡಿದ್ದಳು, ಯಾರೂ ಎತ್ತಲಿಲ್ಲ. ಮಾವನಿಗೆ ಮಾತ್ರ, ಗೆಳತಿಯನ್ನು ನೋಡಿ ಬರುತ್ತೇನೆ ಎಂದು ಸುಳ್ಳು ಹೇಳಿದ್ದಳು. "ಗೆಳತಿನಾ? ಯಾವಾಗ ಮಾಡ್ಕೊಂಡೆ?" ಎಂದು ಮಾವ ಖುಷಿಯಿಂದ ಕೇಳಿದ್ದರು. ಆ ಖುಷಿ ಈಗ ನಟ್ಟಿಗಿಂತ ಹೆಚ್ಚು ಚುಚ್ಚುತ್ತಿತ್ತು.

ಬಾಗಿಲಿನವನು ಅವಳ ಚೀಲವನ್ನು ಮೇಜಿನ ಮೇಲೆ ಸುರಿದ. ಬಾಚಣಿಗೆ, ನೀರಿನ ಬಾಟಲಿ, ಎರಡು ಸ್ಕ್ರೂಡ್ರೈವರು, ಒಂದು ಸ್ಪ್ಯಾನರು, ಮೀಟರು. ಹಿಂದೆ ನಿಂತವರು ಕತ್ತು ಚಾಚಿದರು. "ಏನಮ್ಮ, ಹಾಡು ಕೇಳೋಕೆ ಬಂದಿದೀಯೋ ಸ್ಟೇಜು ಬಿಚ್ಚಿಕೊಂಡು ಹೋಗೋಕೆ ಬಂದಿದೀಯೋ?" ಯಾರೋ ನಕ್ಕರು. ಅವಳಿಗೆ ಎಂಟನೇ ಕ್ಲಾಸಿನಲ್ಲಿ ಪಾಠ ಓದಲು ಎದ್ದು ನಿಂತಿದ್ದು ನೆನಪಾಯಿತು. ಪುಸ್ತಕ ಕೈಯಲ್ಲಿತ್ತು, ಅಕ್ಷರ ಕಣ್ಣ ಮುಂದಿತ್ತು, ದನಿ ಎಲ್ಲೋ ಹೊಟ್ಟೆಯ ಹತ್ತಿರ ಸಿಕ್ಕಿಹಾಕಿಕೊಂಡಿತ್ತು, ಟೀಚರು ಪೀರಿಯಡ್ಡು ಮುಗಿಯುವವರೆಗೆ ಕೂರಿಸಲಿಲ್ಲ. ಮರುವರ್ಷ ಅವಳು ಶಾಲೆಗೇ ಹೋಗಲಿಲ್ಲ. "ಕೆಲಸದ್ದು," ಎಂದಳು. ಅವಳಿಗೇ ಕೇಳಿಸಲಿಲ್ಲ. ಬಾಗಿಲಿನವನು ಸ್ಕ್ರೂಡ್ರೈವರು ಸ್ಪ್ಯಾನರುಗಳನ್ನು ಮೇಜಿನ ಕೆಳಗಿನ ಡಬ್ಬಿಗೆ ಹಾಕಿ, "ಹೋಗೋವಾಗ ಇಸ್ಕೊಂಡು ಹೋಗು," ಎಂದ. ಮೀಟರನ್ನು ತಿರುಗಿಸಿ ಮುರುಗಿಸಿ ನೋಡಿ, ಹಳೇ ಫೋನಿರಬೇಕು ಎಂದು ವಾಪಸು ಕೊಟ್ಟ. ಮುಂಗೈಗೆ ನೀಲಿ ಮುದ್ರೆ ಒತ್ತಿದ. ಅವನಿಗೆ ಹೇಳಿಬಿಡಬಹುದಿತ್ತು. ಗಿಡ್ಡಿಯನ್ನು ಕರೆಯಿರಿ, ಆಂಪು ಸರಿಯಿಲ್ಲ, ರಿಪೇರಿ ಮಾಡಿದ್ದು ನಾನೇ. ಕೊನೆಯ ಮೂರು ಪದ ಹೇಳಿದರೆ ಮಾವನ ಮೀಸೆ ಬೋಳಿಸಿದ ಹಾಗೆ. ಅದನ್ನು ಹೇಳದೆ ಉಳಿದದ್ದನ್ನು ಹೇಳಿದರೆ ಯಾರು ನಂಬುತ್ತಾರೆ? ಹಿಂದಿನವರು ತಳ್ಳಿದರು, ಒಳಗೆ ಬಂದುಬಿಟ್ಟಳು.

ಒಳಗೆ ಐವತ್ತರವತ್ತು ಜನ. ತಗ್ಗಿನ ಚಾವಣಿ, ಕಪ್ಪು ಬಳಿದ ಗೋಡೆ, ಮೊಣಕಾಲೆತ್ತರದ ಸ್ಟೇಜು. ಮೊದಲ ಬ್ಯಾಂಡಿನ ನಾಲ್ವರು ಆಗಲೇ ಶುರು ಮಾಡಿದ್ದರು. ತಾವೇ ಬರೆದ ಹಾಡು, ತಾವೇ ಕಟ್ಟಿದ ರಾಗ, ನಡುನಡುವೆ ತಾವೇ ನಗುತ್ತಿದ್ದರು. ಹಾಡುವವನು ಕಣ್ಣು ಮುಚ್ಚಿ ಮೈಕಿಗೆ ಬಾಯಿ ತಂದಾಗಲೆಲ್ಲ ಅವಳು ಮುಷ್ಟಿಯೊಳಗಿನ ನಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳು. ಇದು ಗಿಡ್ಡಿಯ ಆಂಪಲ್ಲ, ಇವನಿಗೇನೂ ಆಗುವುದಿಲ್ಲ ಎಂದು ಗೊತ್ತಿದ್ದರೂ. ಗಿಡ್ಡಿಯ ಆಂಪು ಸ್ಟೇಜಿನ ಪಕ್ಕದ ಪರದೆಯ ಹತ್ತಿರ ಬಟ್ಟೆ ಹೊದ್ದು ಕೂತಿತ್ತು. ಅದರ ಒಳಗನ್ನು ಅವಳಷ್ಟು ಬಲ್ಲವರು ಈ ಕೋಣೆಯಲ್ಲಿ ಯಾರೂ ಇರಲಿಲ್ಲ. ಎಡಮೂಲೆಯಲ್ಲಿ ಯಾರೋ ಹಿಂದಿನ ರಿಪೇರಿಯವನು ಬಿಟ್ಟ ಸೀಸದ ಹನಿ, ತಗಡಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ತಾರೀಕು, ಬೋಲ್ಟಿನ ಮೇಲೆ ಸುಮ್ಮನೆ ಕೂತಿರುವ ಒಂದು ತಾಮ್ರದ ಬಳೆ. ಇಲ್ಲ, ನಟ್ಟು ಬಿಗಿದಿರುವ ಬಳೆ. ಜನ ತಲೆ ಅಲ್ಲಾಡಿಸುತ್ತಿದ್ದರು. ಅವಳೂ ಅಲ್ಲಾಡಿಸಿದಳು, ಯಾರೂ ಗಮನಿಸಬಾರದೆಂದು.

ಎರಡನೇ ಬ್ಯಾಂಡು ಹತ್ತಿದಾಗ ಅವಳು ಗೋಡೆ ಹಿಡಿದು ಪರದೆಯ ತನಕ ಹೋದಳು. ಸೌಂಡಿನವನು ಅಡ್ಡ ನಿಂತಿದ್ದ, ಕತ್ತಿನಲ್ಲಿ ಹೆಡ್‌ಫೋನು, ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತು. "ಗಿಡ್ಡಿ ಅಕ್ಕನ್ನ ನೋಡಬೇಕಿತ್ತು." ಗದ್ದಲದಲ್ಲಿ ಅವನಿಗೆ ಅವಳ ತುಟಿ ಮಾತ್ರ ಕಂಡಿರಬೇಕು. "ಸಹಿ, ಫೋಟೋ ಎಲ್ಲ ಆಮೇಲೆ." "ಸಹಿ ಅಲ್ಲ. ಆಂಪು." "ಆಂಪಿಗೂ ಸಹಿ ಹಾಕ್ತಾಳೆ, ಆಮೇಲೆ ಬಾ," ಎಂದು ಬಿಸ್ಕತ್ತಿನ ಕೈಯಿಂದಲೇ ಹಿಂದಕ್ಕೆ ಕಳಿಸಿದ. ಅವಳು ಹಿಂದಕ್ಕೆ ಬಂದಳು. ಹೇಳಿದ ಕೂಡಲೇ ಹಿಂದಕ್ಕೆ ಬಂದೆನಲ್ಲ, ಒಂದು ಬಿಸ್ಕತ್ತಿಗೆ ಹೆದರಿದೆನಲ್ಲ ಎಂದು ಗೋಡೆಗೊರಗಿ ನಿಂತು ತನ್ನನ್ನು ತಾನೇ ಬೈದುಕೊಂಡಳು. ಮನಸ್ಸಿನ ಇನ್ನೊಂದು ಮೂಲೆ ಮೆಲ್ಲಗೆ, ನೀನು ಪ್ರಯತ್ನ ಮಾಡಿದೆಯಲ್ಲ, ಇನ್ನು ಮನೆಗೆ ಹೋದರೂ ಆಯಿತು ಎನ್ನುತ್ತಿತ್ತು. ಏನೂ ಆಗಲಿಕ್ಕಿಲ್ಲ. ನೂರಕ್ಕೆ ತೊಂಬತ್ತೊಂಬತ್ತು ಸಲ ಏನೂ ಆಗುವುದಿಲ್ಲ. ಆ ಇನ್ನೊಂದು ಮೂಲೆಯ ದನಿ ಎಷ್ಟು ಮೃದುವಾಗಿತ್ತೆಂದರೆ ಅವಳಿಗೆ ಅದರ ಮೇಲೇ ಹೇಸಿಗೆಯಾಯಿತು.

ಎರಡನೆಯವರು ಇಳಿದರು. ಬಲ್ಬು ಹತ್ತಿತು, ಜನ ಸಡಿಲವಾದರು. ಗಿಡ್ಡಿಯ ಗಂಡ ಬಟ್ಟೆ ಸರಿಸಿ ಆಂಪನ್ನು ಉರುಳಿಸಿಕೊಂಡು ಸ್ಟೇಜಿನ ನಡುವೆ ತಂದು ನಿಲ್ಲಿಸಿದ, ಸುತ್ತಿಟ್ಟ ವೈರು ಬಿಚ್ಚಿದ. ಗಿಡ್ಡಿ ಗಿಟಾರನ್ನು ಕೊರಳಿಗೆ ಹಾಕಿಕೊಂಡು ಮೈಕಿನ ಕಂಬವನ್ನು ತನ್ನೆತ್ತರಕ್ಕೆ ಇಳಿಸುತ್ತಿದ್ದಳು, ಇಳಿಸಿ ಇಳಿಸಿ ಮುಗಿಯುತ್ತಲೇ ಇರಲಿಲ್ಲ. ಗಂಡ ಪ್ಲಗ್ಗು ಹಿಡಿದು ಬಗ್ಗಿದ. ಆಮೇಲೆ ಎಷ್ಟು ನೆನಪಿಸಿಕೊಂಡರೂ ಆ ಎಂಟು ಹತ್ತು ಹೆಜ್ಜೆ ನಡೆದದ್ದು ಅವಳ ನೆನಪಿಗೆ ಬರಲಿಲ್ಲ. ಸ್ಟೇಜಿನ ಮೇಲೆ ಮೊಣಕಾಲೂರಿ ಕೂತು, ಎರಡೂ ಕೈಯಿಂದ ಪ್ಲಗ್ಗನ್ನು ಅವನ ಕೈ ಸಮೇತ ಹಿಡಿದುಕೊಂಡಿದ್ದಳು.

"ಏನಮ್ಮಾ?" ಎಂದ ಅವನು.

ಬಾಯಿ ತೆರೆದಳು. ಹೊಟ್ಟೆಯ ಹತ್ತಿರ ಸಿಕ್ಕಿಕೊಂಡಿದ್ದದ್ದು ಅಲ್ಲೇ ಇತ್ತು. ಬಲಗೈ ಮುಷ್ಟಿ ಬಿಡಿಸಿ ನಟ್ಟನ್ನು ತೋರಿಸಿದಳು. ಅಂಗೈಯಲ್ಲಿ ಆರು ಮೂಲೆಯ ಗುರುತು ಕೆಂಪಗೆ ಬಿದ್ದಿತ್ತು.

"ಯಜಮಾನ್ರ ಅಂಗಡಿ ಹುಡುಗಿ ಅಲ್ವಾ ನೀನು?" ಗಿಡ್ಡಿ ಹತ್ತಿರ ಬಂದು ಬಗ್ಗಿದಳು.

"ಅಕ್ಕಾ, ಇದು ನಿಮ್ಮ ಆಂಪಿನ ಒಳಗಿರಬೇಕಿತ್ತು ಅನ್ಸುತ್ತೆ. ಅರ್ತ್ ವೈರಿಂದು. ಇಲ್ಲದೇ ಇದ್ರೆ ಷಾಕ್ ಹೊಡೆಯಬಹುದು. ಇದೆಯೋ ಇಲ್ವೋ ಗೊತ್ತಿಲ್ಲ. ನೋಡ್ಬೇಕು." ಇಷ್ಟನ್ನೂ ಅವಳು ನೆಲ ನೋಡುತ್ತ ಹೇಳಿದಳು, ಆದರೆ ಹೇಳಿದಳು.

ನಟ್ಟನ್ನು ಸ್ಟೇಜಿನ ಮೇಲಿಟ್ಟು, ಚೀಲದಿಂದ ಮೀಟರು ತೆಗೆದು ಒಂದು ಕಡ್ಡಿಯನ್ನು ಪ್ಲಗ್ಗಿನ ದಪ್ಪನೆಯ ಅರ್ತ್ ಪಿನ್ನಿಗೂ ಇನ್ನೊಂದನ್ನು ಗಿಟಾರು ಸಿಕ್ಕಿಸುವ ತೂತಿನ ಲೋಹದ ಅಂಚಿಗೂ ಹಿಡಿದಳು. ಹಿಂದೆ ಮೌನಿ ಬೇಸಿನ ತಂತಿ ಎಳೆದು ಬಿಡುತ್ತಿದ್ದ, ಕೆಳಗೆ ಅರವತ್ತು ಜನ ಮಾತಾಡುತ್ತಿದ್ದರು. ಕೂಗಿತೋ ಇಲ್ಲವೋ ಕೇಳಿಸಲಿಲ್ಲ. ಮೀಟರನ್ನು ಕಿವಿಗೆ ಒತ್ತಿದಳು, ಆಗ ಕಡ್ಡಿ ಜಾರಿತು. ಗಿಡ್ಡಿ ಇವಳನ್ನೇ ನೋಡುತ್ತಿದ್ದವಳು ನೆಟ್ಟಗಾಗಿ ಮೈಕಿಗೆ ಹೇಳಿದಳು: "ಎಲ್ಲ ಸ್ವಲ್ಪ ಸುಮ್ನಿರಿ. ಇಲ್ಲೊಬ್ರಿಗೆ ಏನೋ ಕೇಳಿಸ್ಕೋಬೇಕಂತೆ."

ಕೋಣೆ ಸುಮ್ಮನಾಯಿತು. ಗ್ಲಾಸು ಕೆಳಗಿಟ್ಟ ಸದ್ದು ಕೂಡ ನಿಂತಿತು. ಅವಳು ಕಡ್ಡಿ ಹಿಡಿದಳು. ಪೀ ಎಂದಿತು. ಸಣ್ಣಗೆ, ಸ್ಪಷ್ಟವಾಗಿ, ಎಡೆಬಿಡದೆ. ಯಾರೋ ಹಿಂದಿನಿಂದ, "ಚೆನ್ನಾಗಿದೆ, ಇನ್ನೊಂದು ಸಲ," ಎಂದ, ಎಲ್ಲರೂ ನಕ್ಕರು, ಅವಳಿಗೂ ಎದ್ದು ಓಡಿಹೋಗುವಷ್ಟು ಹಗುರವಾಯಿತು. ಸರಿಯಿದೆ ಅಕ್ಕ ಎಂದು ಹೇಳಿ ಹೊರಟುಹೋಗಬಹುದಿತ್ತು. ಅಂಗಡಿಯಲ್ಲೂ ಹೀಗೇ ಪೀ ಎಂದಿತ್ತು. ಕಡ್ಡಿಗಳನ್ನು ಹಾಗೇ ಹಿಡಿದುಕೊಂಡು ಆಂಪಿನ ಪಕ್ಕಕ್ಕೆ ಮೊಣಕಾಲಿನಿಂದ ಒಮ್ಮೆ ಗುದ್ದಿದಳು. ಸದ್ದು ನಿಂತಿತು. ಇನ್ನೊಮ್ಮೆ ಗುದ್ದಿದಳು, ಪೀ ಪೀ ಎಂದು ತೊದಲಿ ಮತ್ತೆ ನಿಂತಿತು. ಈ ಸಲ ಯಾರೂ ನಗಲಿಲ್ಲ.

"ನಟ್ಟಿಲ್ಲ," ಎಂದಳು. "ನಾನೇ ಹಾಕೋದು ಮರೆತಿದ್ದು. ಮಾವ ಅಲ್ಲ. ರಿಪೇರಿ ಮಾಡಿದ್ದು ನಾನೇ."

ಗಿಡ್ಡಿ ಸ್ಟೇಜಿನ ಮೇಲಿದ್ದ ನಟ್ಟನ್ನು ಎರಡು ಬೆರಳಲ್ಲಿ ಎತ್ತಿ ಬಲ್ಬಿಗೆ ಹಿಡಿದು ನೋಡಿದಳು. ಅವಳ ಮುಖದಲ್ಲಿ ನಗುವಿರಲಿಲ್ಲ. ನೋಡಿ ಮುಗಿಸಿ, ಎರಡೇ ಮಾತು ಕೇಳಿದಳು. "ಎಷ್ಟು ಹೊತ್ತಾಗುತ್ತೆ?" "ಐದು ನಿಮಿಷ. ನನ್ನ ಸ್ಪ್ಯಾನರು ಬಾಗಿಲಲ್ಲಿದೆ." ಗಂಡ ಆಗಲೇ ಜನರ ನಡುವೆ ದಾರಿ ಮಾಡಿಕೊಂಡು ಹೊರಟಿದ್ದ. ಬಾಗಿಲ ಹತ್ತಿರದಿಂದ ಅವನ ದನಿ ಕೇಳಿಸುತ್ತಿತ್ತು, "ಅಯ್ಯೋ ಕೊಡೋ ಮಾರಾಯ, ಡಾಕ್ಟ್ರು ಕೇಳ್ತಿದಾರೆ."

ಹಿಂದಿನ ಹಲಗೆ ಬಿಚ್ಚಿದಳು. ತಾಮ್ರದ ಬಳೆ ಬೋಲ್ಟಿಗೆ ಒರಗಿಕೊಂಡು, ಒಂದು ಅಂಚು ಮಾತ್ರ ತಾಗಿಸಿಕೊಂಡು ನಿಂತಿತ್ತು. ಗಿಡ್ಡಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಫೋನಿನ ಬೆಳಕು ಹಿಡಿದಿದ್ದಳು. ನಟ್ಟು ಅವಳ ಕೈಯಲ್ಲೇ ಇದ್ದುದರಿಂದ ಇವಳ ಬಾಯಿ ಖಾಲಿಯಿತ್ತು, ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕಾಯಿತು. ಹೇಗೆ ಮರೆತೆ ಎಂದು ಕೇಳಿದರೆ ಕಣ್ಣಿನ ಔಷಧಿಯ ವಿಷಯ ಹೇಳಬೇಕು, ಔಷಧಿ ಎಂದರೆ ಕಣ್ಣಿನ ವಿಷಯ, ಕಣ್ಣು ಎಂದರೆ ಇಡೀ ವರ್ಷದ ವಿಷಯ. ಹೇಳಿದಳು. ಕೊನೆಗೆ, "ನಾನು ಹೇಳಿದ್ದು ಮಾವನಿಗೆ ಮಾತ್ರ ಗೊತ್ತಾಗೋದು ಬೇಡ ಅಕ್ಕ. ಅವರ ಕಣ್ಣಿನ ವಿಷಯ ಯಾರಿಗೂ ಗೊತ್ತಿಲ್ಲ," ಎಂದಳು.

ಗಿಡ್ಡಿ ಗಂಡನ ಮುಖ ನೋಡಿದಳು. ಅವನು ಕೂದಲು ಕೆರೆದುಕೊಂಡ. "ಹೋದ ವರ್ಷ ಮಳೆಗಾಲದಲ್ಲಿ ನಾನೊಬ್ನೇ ಅಂಗಡಿಗೆ ಹೋಗಿದ್ದೆ. ಬಾಗಿಲು ದಾಟಿದ ಕೂಡಲೇ ನಿಮ್ಮ ಮಾವ ಈ ಕೂದಲು ನೋಡಿ, ಬಾಮ್ಮ ಬಾ, ಗಂಡ ಎಲ್ಲಿ ಅಂದ್ರು."

"ಆಮೇಲೆ?"

"ಇನ್ನೇನು ಮಾಡ್ಲಿ. ದನಿ ಸಣ್ಣ ಮಾಡ್ಕೊಂಡು, ಬರ್ತಾರೆ ಯಜಮಾನ್ರೇ ಅಂದೆ. ಪಾಪ, ಬೇಜಾರು ಮಾಡ್ಕೋಬಾರ್ದಲ್ವಾ."

ಮೌನಿ ಮೊದಲ ಸಲ ಬಾಯಿ ಬಿಟ್ಟ. "ರಿಪೇರಿ ಚೀಟೀಲಿ ಅಕ್ಷರಾನೂ ಬದಲಾಗಿತ್ತು. ದುಂಡಗೆ ಬರೀತೀಯ ನೀನು. ಅವರದ್ದು ಓದೋಕೇ ಆಗ್ತಿರ್ಲಿಲ್ಲ."

"ಊರಿನ ಬ್ಯಾಂಡಿನೋರಿಗೆಲ್ಲ ಗೊತ್ತು ಕಣೇ," ಎಂದಳು ಗಿಡ್ಡಿ. "ನೀನು ಮಾಡ್ತೀಯ ಅಂತ ಗೊತ್ತಿದ್ದೇ ತಂದುಕೊಡೋದು." ನಟ್ಟನ್ನು ಅವಳ ಬೆರಳಿಗೆ ಕೊಟ್ಟಳು. "ಇವತ್ತಿಂದು ತಪ್ಪೇ. ಸಣ್ಣ ತಪ್ಪೂ ಅಲ್ಲ. ಬಂದು ಹೇಳಿದೆ ನೋಡು, ಅದಕ್ಕೆ ಮುಂದಿನ ಸಲಾನೂ ನಿನ್ನ ಹತ್ರಾನೇ ತರ್ತೀನಿ. ಬಿಗಿ ಈಗ."

ಬಿಗಿದಳು. ಇನ್ನು ತಿರುಗುವುದಿಲ್ಲ ಎನ್ನುವ ತನಕ ಬಿಗಿದು, ಮೀಟರು ಹಿಡಿದು ನಾಲ್ಕು ಸಲ ಗುದ್ದಿದಳು. ಪೀ ಎನ್ನುವುದು ಅಲುಗಲಿಲ್ಲ. ಒಂದು ವರ್ಷ ಅವಳೂ ಮಾವನೂ ಹೊರಗಿನವರಿಗೆ ಕಾಣದ ಹಾಗೆ ಹೊತ್ತು ತಿರುಗಿದ್ದ ಗುಟ್ಟನ್ನೇ ಹೊರಗಿನವರೆಲ್ಲ ಇವರಿಬ್ಬರಿಗೆ ಕಾಣದ ಹಾಗೆ ಹೊತ್ತು ತಿರುಗುತ್ತಿದ್ದರು ಎಂದು ಯೋಚಿಸಿದಾಗ ನಗು ಬಂತು, ನಗುವಿನ ಜೊತೆಗೆ ಕಣ್ಣಲ್ಲಿ ನೀರೂ ಬಂತು. ಹಲಗೆಯ ಸ್ಕ್ರೂಗಳು ಮಸುಕಾಗಿ ಕಂಡವು. ಮಾವನಿಗೆ ಎಲ್ಲವೂ ಹೀಗೇ ಕಾಣುತ್ತಿರಬೇಕು ಎಂದುಕೊಂಡಳು.

ಬಲ್ಬು ಆರಿತು. ಅವಳು ಸ್ಟೇಜಿನ ಪಕ್ಕದಲ್ಲೇ, ಪ್ಲಗ್ಗಿನ ಹತ್ತಿರ ನಿಂತಳು, ಬೇಕಾದರೆ ಎಳೆದುಬಿಡಲು. ಗಿಡ್ಡಿ ಬೆರಳು ತಂತಿಯ ಮೇಲಿಟ್ಟು, ಕುತ್ತಿಗೆ ಚಾಚಿ, ಬೇಕೆಂದೇ ತುಟಿಯನ್ನು ಮೈಕಿಗೆ ಒತ್ತಿ, ಪಕ್ಕಕ್ಕೆ ತಿರುಗಿ ಅವಳನ್ನು ನೋಡಿ ಹುಬ್ಬು ಕುಣಿಸಿದಳು. ಏನೂ ಆಗಲಿಲ್ಲ. ಹಾಡು ಶುರುವಾಯಿತು. ಮೊದಲು ಅವಳಿಗೆ ಕೇಳಿಸಿದ್ದು ಆಂಪು ಮಾತ್ರ. ಗುಂಯ್ ಎನ್ನುವ ಸದ್ದು ಇದೆಯೇ, ದಪ್ಪ ಸ್ವರಕ್ಕೆ ಹಲಗೆ ನಡುಗುತ್ತಿದೆಯೇ ಎಂದು ಕಿವಿಯನ್ನು ಅದರ ಒಳಗಿಟ್ಟು ನಿಂತಿದ್ದಳು. ಹಾಡಿನಲ್ಲಿ ಯಾರೋ ಬಾಡಿಗೆ ಮನೆ ಖಾಲಿ ಮಾಡುತ್ತಿದ್ದರು, ಗೋಡೆಯ ಮೊಳೆ ಕೀಳಲೋ ಬೇಡವೋ ಎಂದು ಕೇಳುತ್ತಿದ್ದರು. ಆ ಮೊಳೆಯ ಚಿಂತೆಯಲ್ಲಿ ಅವಳಿಗೆ ಆಂಪು ಯಾವಾಗ ಮರೆತುಹೋಯಿತೋ ತಿಳಿಯಲಿಲ್ಲ. ನೆನಪಾದಾಗ ಹಾಡು ಮುಗಿದು ಜನ ಚಪ್ಪಾಳೆ ತಟ್ಟುತ್ತಿದ್ದರು, ಅವಳ ಕೈಗಳೂ ತಟ್ಟುತ್ತಿದ್ದವು.

ಜೇಬಿನಲ್ಲಿ ಫೋನು ನಡುಗಿತು. ಮಾವ. ಪರದೆಯ ಹಿಂದಕ್ಕೆ ಸರಿದು ಕಿವಿಗಿಟ್ಟಳು.

"ಎಲ್ಲಿದೀಯ ಪುಟ್ಟಿ? ಏನದು ಗಲಾಟೆ? ಗೆಳತಿ ಮನೇಲಿ ಮದ್ವೆನಾ?"

"ಗೆಳತಿ ಅಲ್ಲ ಮಾವ. ಗಿಡ್ಡಿ ಅಕ್ಕನ ಆಂಪಿಗೆ ನಟ್ಟು ಹಾಕೋದು ಮರೆತಿದ್ದೆ. ಅರ್ತಿಂದು. ಬಂದು ಹಾಕ್ದೆ." ಇನ್ನೊಂದು ಕಿವಿ ಮುಚ್ಚಿಕೊಂಡಳು. "ಎಲ್ಲರ ಮುಂದೆ ನಾನೇ ಮಾಡಿದ್ದು ಅಂತ ಹೇಳ್ಬಿಟ್ಟೆ. ಅವರಿಗೆ ಮೊದಲೇ ಗೊತ್ತಿತ್ತಂತೆ ಮಾವ. ನಿಮ್ಮ ಕಣ್ಣಿಂದೂ. ಒಂದು ವರ್ಷದಿಂದ."

ಬೈಯಲಿ ಎಂದು ಅವಳು ಕಾದಳು. ನಟ್ಟಿಗೆ ಬೈದರೆ ಅಳಬಾರದು, ಹೇಳಿದ್ದಕ್ಕೆ ಬೈದರೆ ಸುಮ್ಮನಿರಬೇಕು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಳು.

"ಎಲ್ಲರಿಗೂ ಗೊತ್ತಾ?"

"ಎಲ್ಲರಿಗೂ."

"ಥೂ ಇವರ," ಎಂದರು ಮಾವ. ಆಮೇಲೆ ಬಹಳ ದಿನದಿಂದ ಬಿಗಿ ಅಂಗಿ ತೊಟ್ಟವರು ಗುಂಡಿ ಬಿಚ್ಚಿದ ಹಾಗೆ ದೀರ್ಘವಾಗಿ ಉಸಿರು ಬಿಟ್ಟರು. "ಹಾಗಾದ್ರೆ ನಾಳೆ ಅಂಗಡಿ ಬಾಗಿಲು ನೀನೇ ತೆಗಿ. ದಿನಾ ಬೆಳಿಗ್ಗೆ ಎದ್ದು ಕಣ್ಣು ಕಾಣೋರ ಹಾಗೆ ಕೂತಿರೋದು ಸುಮ್ನೆ ಕೆಲಸ ಅಲ್ಲ ಕಣೇ. ಒಂದಿನ ಮಲಗ್ತೀನಿ."

"ಹೂಂ ಮಾವ."

"ನಟ್ಟಿನ ವಿಷಯ ನಾಳೆ ಮಾತಾಡೋಣ. ಅದನ್ನ ನಾನು ಮರೆಯೋದಿಲ್ಲ."

"ಹೂಂ."

"ಈಗ ಅದು ನಮ್ಮ ಆಂಪಾ ಕೇಳಿಸ್ತಿರೋದು? ಸ್ವಲ್ಪ ಆ ಕಡೆಗೆ ಹಿಡಿ."

ಅವಳು ಪರದೆ ಸರಿಸಿ, ಫೋನನ್ನು ಸ್ಟೇಜಿನ ಕಡೆಗೆ ಎತ್ತಿ ಹಿಡಿದಳು. ಮೂರನೇ ಹಾಡು ಶುರುವಾಗಿತ್ತು, ನಿಧಾನದ್ದು. ಮುಗಿದಾಗ ಫೋನನ್ನು ಕಿವಿಗೆ ತಂದು, "ಮಾವ, ಇಡ್ಲಾ?" ಎಂದಳು. "ಇರು, ಇನ್ನೊಂದು ಕೇಳೋಣ," ಎಂದರು ಮಾವ. ತೋಳು ಸೋತಿತ್ತು. ಅವಳು ಫೋನನ್ನು ಇನ್ನೊಂದು ಕೈಗೆ ಬದಲಿಸಿ ಮತ್ತೆ ಎತ್ತಿ ಹಿಡಿದಳು.